ಸ್ಪೇನಿನವರ ಪಾಲಿನ ಮಾಣಕಿ

ಅಜ್ಜಿಯ ಕೋಣೆಯ ಕಿಟಕಿಯ ಮೇಲೆ ಒಂದು ತಗಡಿನ ಡಬ್ಬಿ ಇದೆ. ಅಂಗೈ ಅಗಲ, ಎರಡು ಬೆರಳು ಎತ್ತರ, ಮುಚ್ಚಳ ಇಲ್ಲ. ಅದರೊಳಗೆ ಪಿನ್ನು, ಅಂಗಿಯ ಗುಂಡಿ, ಒಂದು ಜಾಯಿಕಾಯಿ, ಯಾವ ಬೀಗದ್ದೆಂದು ಯಾರಿಗೂ ಗೊತ್ತಿಲ್ಲದ ಎರಡು ಕೀಲಿ. ಮೊನ್ನೆ ಗುಡಿಸುವಾಗ ನನ್ನ ಕೈ ತಗುಲಿ ಅದು ಕೆಳಗೆ ಬಿತ್ತು. ಪಿನ್ನು ಹೆಕ್ಕುತ್ತ ಕೂತವಳು ಡಬ್ಬಿಯ ಹೊರಮೈ ನೋಡಿದೆ. ಬಣ್ಣ ಮಾಸಿದೆ, ಅಂಚಿಗೆ ತುಕ್ಕು ಹಿಡಿದಿದೆ. ಆದರೂ ಅದರ ಮೇಲಿನ ಮಾಣಕಿ ಇನ್ನೂ ನಗುತ್ತಿದೆ.

ಘಟ್ಟದ ಮೇಲಿನ ಓದುಗರಿಗಾಗಿ ಒಂದು ಮಾತು. ಮಾಣಕಿ ಎಂದರೆ ಚೀಲದಂಥ ಮೈಯ, ಬಾಯಿಯ ಸುತ್ತ ಕೈಗಳ ಗೊಂಚಲಿರುವ ಸಮುದ್ರದ ಜೀವಿ. ಹೆದರಿದರೆ ಮಸಿ ಕಾರುತ್ತದೆ. ಇಂಗ್ಲಿಷಿನವರು ಸ್ಕ್ವಿಡ್ ಎನ್ನುತ್ತಾರೆ. ಅದು ನಗುವುದಿಲ್ಲ, ಕಾರವಾರದ ಕೋಡಿಬಾಗದಲ್ಲಿ ಹುಟ್ಟಿ ಬೆಳೆದವಳಾಗಿ ಇಷ್ಟನ್ನು ನಾನು ಖಾತರಿಯಿಂದ ಹೇಳಬಲ್ಲೆ. ಡಬ್ಬಿಯ ಮೇಲೆ ಅದನ್ನು ನಗಿಸಿದವರು ಸ್ಪೇನಿನವರು. ಆ ನಗುವಿನ ಕಾರಣಕ್ಕೆ ೨೦೦೬ರ ಬೇಸಿಗೆಯಲ್ಲಿ ನಾನು ಸ್ಪೇನ್ ದೇಶಕ್ಕೆ ಮೊದಲು ಅಂಕ ಕೊಟ್ಟು, ಆಮೇಲೆ ಕಸಿದುಕೊಂಡು, ಕೊನೆಗೆ ಏನು ಮಾಡಬೇಕೆಂದು ತಿಳಿಯದೆ ಪೆನ್ಸಿಲ್ ಕಚ್ಚುತ್ತ ಕೂತಿದ್ದೆ.

ಅಂಕ ಯಾಕೆ ಎಂದರೆ, ನನಗೆ ಲೆಕ್ಕವಿಡುವ ಚಾಳಿ. ದಿನಚರಿ ಬರೆಯುವವರು ಬಹಳ ಜನ ಇದ್ದಾರೆ. ಅವರು ತಮ್ಮ ಮನಸ್ಸಿನ ನೋವು, ಸಂಜೆಯ ಆಕಾಶ, ಇಂಥವನ್ನು ಬರೆಯುತ್ತಾರಂತೆ. ನನ್ನದರಲ್ಲಿ ತಾರೀಕು, ವಾರ, ಮನೆಗೆ ಬಂದ ಮೀನು, ಹೋದ ಕರೆಂಟು, ಅಂಕೋಲೆ ಬಸ್ಸು ಎಷ್ಟು ತಡ, ಆಯಿ ಯಾರ ಮೇಲೆ ಸಿಟ್ಟಾದಳು ಎಂಬ ವಿವರಗಳಿವೆ. ಆಯಿ ಎಂದರೆ ನಮ್ಮಲ್ಲಿ ತಾಯಿ. ಒಮ್ಮೆ ಅವಳೇ ಅದನ್ನು ತೆರೆದು ನೋಡಿ, "ಹಾಳಾದೋಳೇ, ನಾನು ಸಿಟ್ಟಾದ್ದೆಲ್ಲ ಬರ್ದಿದ್ದೀ, ಬಡ್ಸಿದ್ದು ಒಂದಾದ್ರೂ ಬರ್ದಿದ್ಯಾ?" ಎಂದು ಇನ್ನೊಮ್ಮೆ ಸಿಟ್ಟಾದಳು. ಅದನ್ನೂ ಬರೆದುಕೊಂಡೆ.

ಆ ವರ್ಷ ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಕಾಲೇಜಿನ ಗ್ರಂಥಾಲಯದ ಯಾವುದೋ ಇಂಗ್ಲಿಷ್ ಪತ್ರಿಕೆಯಲ್ಲಿ ಒಂದು ಕೋಷ್ಟಕ ಕಂಡಿತು. ಯಾವ ದೇಶ ಎಷ್ಟು ಜಾಗತೀಕರಣಗೊಂಡಿದೆ ಎಂದು ಅಳೆದು, ಮೇಲಿನಿಂದ ಕೆಳಕ್ಕೆ ಸಾಲಾಗಿ ನಿಲ್ಲಿಸಿದ್ದರು, ಶಾಲೆಯಲ್ಲಿ ಎತ್ತರದ ಪ್ರಕಾರ ಮಕ್ಕಳನ್ನು ನಿಲ್ಲಿಸಿದ ಹಾಗೆ. ವ್ಯಾಪಾರ, ಪ್ರವಾಸಿಗರು, ವಿದೇಶಕ್ಕೆ ಹೋದ ಫೋನ್ ಕರೆಗಳು, ಇಂಟರ್ನೆಟ್ಟು, ರಾಯಭಾರ ಕಚೇರಿಗಳು ಎಲ್ಲಕ್ಕೂ ಅಂಕ. ಓದಿ ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ? ಊರಲ್ಲಿ ನನ್ನೊಬ್ಬಳಿಗೇ ಇದೆ ಎಂದುಕೊಂಡಿದ್ದ ರೋಗ ದೊಡ್ಡ ದೊಡ್ಡ ದೇಶಗಳ ಪಂಡಿತರಿಗೂ ಇತ್ತು.

ಆದರೆ ಆ ಪಟ್ಟಿಯಲ್ಲಿ ಒಂದು ಕೊರತೆ ಕಂಡಿತು. ಮೇಲಿದ್ದವೆಲ್ಲ ಪುಟ್ಟ ಪುಟ್ಟ ದೇಶಗಳು. ಲೋಕದ ಜೊತೆ ಬೆರೆಯುವುದು ಬೇರೆ, ಲೋಕವನ್ನು ತನ್ನ ಕಡೆ ಬಾಗಿಸುವುದು ಬೇರೆ. ನಮ್ಮ ಓಣಿಯಲ್ಲೇ ನೋಡಿ: ಎಲ್ಲರ ಮನೆಗೂ ಹೋಗಿ ಚಹಾ ಕುಡಿದು ಬರುವವರು ಒಬ್ಬರಿದ್ದರೆ, ಮನೆ ಬಿಟ್ಟು ಕದಲದೆ ಎಲ್ಲರ ಮಗಳ ಮದುವೆಯನ್ನೂ ನಿರ್ಧರಿಸುವವರು ಇನ್ನೊಬ್ಬರು. ಹಾಗಾಗಿ ನಾನೇ ಒಂದು ಪಟ್ಟಿ ಮಾಡಹೊರಟೆ. ಯಾವ ದೇಶಕ್ಕೆ ನಮ್ಮ ಮನೆಯ ಮೇಲೆ ಎಷ್ಟು ಪ್ರಭಾವ? ಮನೆಯಲ್ಲಿ ಆ ದೇಶದ ವಸ್ತುವಿದ್ದರೆ ಒಂದು ಅಂಕ. ಅದರ ಹೆಸರು ಮಾತಿನಲ್ಲಿ ಬಂದರೆ ಅರ್ಧ. ಅದರ ಸಲುವಾಗಿ ಮನೆಯಲ್ಲಿ ಜಗಳವಾದರೆ ಮೂರು.

ಚೀನಾ ಸದ್ದಿಲ್ಲದೆ ಮುಂದೆ ಹೋಯಿತು. ಟಾರ್ಚು, ಕೊಡೆ, ದೇವರ ಮುಂದಿನ ಮಿಣಮಿಣ ದೀಪ, ಅಜ್ಜಿಯ ಹಲ್ಲಿನ ಸೆಟ್ಟಿಡುವ ಪ್ಲಾಸ್ಟಿಕ್ ಕರಡಿಗೆ. ಕುವೈತಿನಿಂದ ಬಂದ ಒಂದು ಹುಲಿ ಚಿತ್ರದ ಕಂಬಳಿ ಇತ್ತು. ಕಾರವಾರದ ಸೆಖೆಯಲ್ಲಿ ಅದನ್ನು ಹೊದ್ದರೆ ಹುಲಿಯೇ ಎದ್ದು ಓಡಿಹೋಗಬೇಕು, ಆದರೂ ನೆಂಟರು ಬಂದರೆ ಅದೇ ಹೊರಗೆ ಬರುತ್ತಿತ್ತು. ಅಮೆರಿಕದ ವಸ್ತು ಮನೆಯಲ್ಲಿ ಒಂದೂ ಸಿಗಲಿಲ್ಲ, ಆದರೆ ಅಪ್ಪ ಪೇಪರು ಓದಿ ಅದನ್ನು ಬೈಯುತ್ತಿದ್ದುದರಿಂದ ಅರ್ಧರ್ಧ ಅಂಕ ಸೇರಿ ಅದೂ ಮರ್ಯಾದೆಯಿಂದ ಇತ್ತು. ಬ್ರೆಜಿಲ್ ನನ್ನ ಪದ್ಧತಿಯನ್ನೇ ಕೆಡಿಸಿತು. ಆ ದೇಶದಿಂದ ಕೋಡಿಬಾಗಕ್ಕೆ ಒಂದು ಸೂಜಿಯೂ ಬಂದದ್ದಿಲ್ಲ. ಆದರೆ ಅದು ಫುಟ್ಬಾಲ್ ವಿಶ್ವಕಪ್ಪಿನ ವರ್ಷ. ಓಣಿಯ ಹುಡುಗರು ತಮ್ಮ ಅಕ್ಕತಂಗಿಯರ ಹಳದಿ ಓಢಣಿ, ಹಸಿರು ಲಂಗ ಕದ್ದು ಬಾವುಟ ಹೊಲಿಸಿ ವಿದ್ಯುತ್ ಕಂಬಕ್ಕೆ ಕಟ್ಟಿದ್ದರು. ವ್ಯಾಪಾರ ಸೊನ್ನೆ, ಪ್ರಭಾವ ಓಢಣಿಯ ತನಕ.

ಅಜ್ಜಿಗೆ ಪಟ್ಟಿ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿ, "ಗೋವಾ ಎಲ್ಲಿ?" ಅಂದಳು.

"ಗೋವಾ ದೇಶ ಅಲ್ಲ ಅಜ್ಜಿ."

"ಯಾವಾಗಿಂದ?"

"ನೀನು ಮದುವೆಯಾಗಿ ಬಂದಾಗಿಂದ ಇರ್ಬೇಕು."

"ಅದ್ಕೇ ನಂಗೆ ಯಾರೂ ಹೇಳ್ಲಿಲ್ಲ, ಗಡಿಬಿಡಿಲಿ ಇದ್ರು," ಎಂದು ಅಜ್ಜಿ ವಾದ ಶುರುಮಾಡಿದಳು. "ಪೋರ್ತುಗೀಜರ ಕಾಲದಲ್ಲಿ ನಮ್ಮಪ್ಪ ಆಚೆ ಹೋಗೂಕೆ ಚೀಟಿ ತೋರಿಸ್ತಿದ್ದ. ಚೀಟಿ ತೋರ್ಸಿ ಹೋಗೂದು ದೇಶ ಅಲ್ದಾ? ನಿನ್ನಜ್ಜ ಕುಡ್ಕ ಬರ್ತಿದ್ದದ್ದು ಎಲ್ಲಿಂದ? ನಂಗೆ ಹಲ್ಲು ಕಟ್ಟಿದ್ದು ಗೋವಾದ ಡಾಕ್ಟರ್ ಅಲ್ದಾ? ಚೀನಾದವ ಡಬ್ಬಿ ಕೊಟ್ಟ. ಹಲ್ಲು ಕೊಟ್ಟವ ದೊಡ್ಡವನೋ ಡಬ್ಬಿ ಕೊಟ್ಟವ ದೊಡ್ಡವನೋ?"

ಇದಕ್ಕೆ ಆ ಪತ್ರಿಕೆಯ ಪಂಡಿತರಾದರೂ ಏನು ಹೇಳುತ್ತಿದ್ದರು? ಗೋವಾವನ್ನು ಸೇರಿಸಿದೆ.

ಇಷ್ಟರಲ್ಲಿ ಅಕ್ಕ ಬಂದಳು, ಮತ್ತು ಪಟ್ಟಿಯೊಳಗೆ ಸ್ಪೇನ್ ಬಂತು.

ಅಕ್ಕ ವೈಶಾಲಿಯನ್ನು ಅಂಕೋಲೆ ತಾಲೂಕಿನ ಶೆಟಗೇರಿಗೆ ಕೊಟ್ಟಿತ್ತು. ಬಾವ ಬಿಣಗಾದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು, ಮನೆಯದು ಬೇಸಾಯ. ಕಾರವಾರಕ್ಕೂ ಅಂಕೋಲೆಗೂ ಬಸ್ಸಿನಲ್ಲಿ ತಾಸೂ ಬೇಡ, ಆದರೆ ಅಡಿಗೆಮನೆಗಳ ನಡುವೆ ಒಂದು ಸಮುದ್ರವೇ ಇದೆ. ಅವರೂ ಮೀನು ಉಣ್ಣುವವರೇ. ಆದರೆ ಮಾಣಕಿಯ ಹೆಸರು ಎತ್ತಿದಾಗ ಅಕ್ಕನ ಅತ್ತೆ, "ಎಲುಬಿಲ್ಲದ್ದು ಮೀನಲ್ಲ ತಂಗಿ, ಅದು ನನ್ನ ಒಲೆ ಹತ್ತೂದು ಬೇಡ" ಅಂದಿದ್ದರಂತೆ. ಪ್ರೀತಿಯ ಹೆಂಗಸು, ಆ ಒಂದು ವಿಷಯ ಬಿಟ್ಟರೆ ಅಕ್ಕ ಹೇಳಿದ್ದಕ್ಕೆಲ್ಲ ಹೂಂ ಎನ್ನುವವರು. ಸೀಮಂತ ಮುಗಿಸಿ, ಹಸಿರು ಬಳೆ ತೊಟ್ಟು ತವರಿಗೆ ಬಂದ ಅಕ್ಕ, ಚಪ್ಪಲಿ ಬಿಡುವ ಮೊದಲೇ ಹೇಳಿದಳು: "ಆಯಿ, ತುಂಬಿದ ಮಾಣಕಿ ಮಾಡು."

ತುಂಬಿದ ಮಾಣಕಿ ಎಂದರೆ ಅದರ ಚೀಲದಂಥ ಮೈಯನ್ನು ಇಡಿಯಾಗಿ ಉಳಿಸಿಕೊಂಡು, ಕೈಗಳನ್ನು ಸಣ್ಣಗೆ ಹೆಚ್ಚಿ, ಈರುಳ್ಳಿ, ಕಾಯಿ, ಕೊತ್ತಂಬರಿ, ಮೆಣಸಿನ ಜೊತೆ ಹುರಿದು ಒಳಗೆ ತುಂಬಿ, ಬಾಯಿಗೆ ನೂಲು ಕಟ್ಟಿ, ಮುರುಗಲ ಸಿಪ್ಪೆಯ ಹುಳಿಯ ರಸದಲ್ಲಿ ಬೇಯಿಸುವುದು. ನಾವು ಸಣ್ಣವರಿದ್ದಾಗ ಇದು ಬಡವರ ಅಡಿಗೆ. ಆಗ ಮಾಣಕಿಯನ್ನು ಯಾರೂ ಕೊಳ್ಳುತ್ತಿರಲಿಲ್ಲ. ಗಾಳಕ್ಕೆ ಸಿಕ್ಕಿಸಲು ಒಂದಿಷ್ಟು, ಉಳಿದದ್ದನ್ನು ಮಾಮ ಬುಟ್ಟಿಯಲ್ಲಿ ಹಾಕಿ ತಂದು ಅಂಗಳದಲ್ಲಿ ಸುರಿದು ಹೋಗುತ್ತಿದ್ದರು. ಮಾಮ ಎಂದರೆ ಆಯಿಯ ಅಣ್ಣ. ಬೈತಕೋಲ ಬಂದರಿನಲ್ಲಿ ಅವರದೊಂದು ಟ್ರಾಲರ್ ಬೋಟು. ಆಮೇಲೆ ಎಲ್ಲೋ ದೂರದ ಜನಕ್ಕೆ ಮಾಣಕಿಯ ರುಚಿ ಹತ್ತಿತು. ಕೇರಳದಿಂದ ಜೋಸ್ ಎಂಬ ಏಜೆಂಟ್ ಬಂದು, ಬೋಟು ತಂಗುವ ಧಕ್ಕೆಯ ಮೇಲೆ ತಕ್ಕಡಿ ಇಟ್ಟ. ಚರ್ಮ ಹರಿಯದ, ಇಡಿಯಾದ ಮಾಣಕಿಯೆಲ್ಲ ಅವನ ರಾಶಿಗೆ. ಅದು ಮಂಜುಗಡ್ಡೆಯಲ್ಲಿ ಕೂತು ಸ್ಪೇನಿಗೆ ಹೋಗುತ್ತದೆ ಎಂದು ಧಕ್ಕೆಯ ಮೇಲೆ ಎಲ್ಲರೂ ಹೇಳುತ್ತಿದ್ದರು. ಮೂರು ವರ್ಷದಿಂದ ನಮ್ಮ ಮನೆಗೆ ಮಾಣಕಿ ಬಂದದ್ದಿಲ್ಲ. ನನ್ನ ದಿನಚರಿಯಲ್ಲಿ ಅದರ ಗೆರೆ ಖಾಲಿ.

ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂದು ಅಜ್ಜಿಯ ನಂಬಿಕೆ. ನಮಗೆ ಚಿಂತೆ ಕಿವಿಯದಾಗಿರಲಿಲ್ಲ. ಅದಕ್ಕೂ ಎರಡು ವರ್ಷ ಹಿಂದೆ ಅಕ್ಕನಿಗೆ ನಿಂತ ಬಸುರು ಐದನೆಯ ತಿಂಗಳಲ್ಲಿ ಹೋಗಿತ್ತು. ಈ ಸಲ ಬಂದವಳು ಊಟಕ್ಕೆ ಕೂತರೆ ಎರಡು ತುತ್ತು ತಿಂದು ತಟ್ಟೆ ಸರಿಸುತ್ತಿದ್ದಳು. ಡಾಕ್ಟರರು ತೂಕ ನೋಡಿ, "ಏನಾದರೂ ಸರಿ, ಇವಳು ಬಾಯಿಗೆ ಹಿತವಾಗಿ ತಿನ್ನುವುದನ್ನು ಕೊಡಿ" ಅಂದಿದ್ದರು. ಆಸ್ಪತ್ರೆಯಿಂದ ಬರುವಾಗ ಆಯಿ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮಾತಾಡದ ಆಯಿಯನ್ನು ನಾನು ದಿನಚರಿಯಲ್ಲಿ ಹೇಗೆ ನಮೂದಿಸಬೇಕೆಂದು ಗೊತ್ತಾಗದೆ ಆ ದಿನ ತಾರೀಕು ಮಾತ್ರ ಬರೆದೆ.

ಪೇಟೆಯಲ್ಲಿ ಸಿಕ್ಕ ಮಾಣಕಿ ಏಜೆಂಟ್ ಬೇಡವೆಂದು ಎಸೆದದ್ದು. ಮೈ ಹರಿದು ಚಿಂದಿ. ತುಂಬಿದರೆ ಅಲ್ಲೂ ಇಲ್ಲೂ ಹೊರಗೆ ಬರುತ್ತಿತ್ತು. ಆಯಿ ಅದನ್ನೇ ಹೆಚ್ಚಿ ಪಲ್ಯ ಮಾಡಿದಳು. ಅಕ್ಕ ಮೂಸಿ ಬಿಟ್ಟಳು. ಕೊನೆಗೆ ಮಾಮ ಬಂದಾಗ ಆಯಿ ಅಂಗಳದಲ್ಲೇ ವಿಷಯ ತೆಗೆದಳು.

"ಅಣ್ಣಾ, ಹುಡುಗಿಗೆ ಮಾಣಕಿ ಬೇಕಂತೆ. ದೊಡ್ಡದು, ತುಂಬಿ ಮಾಡೂಕೆ."

"ಇಸವಾಣ ಮೀನು ತರ್ತೆ. ಬುಟ್ಟಿಗಟ್ಲೆ ತರ್ತೆ, ಯಾವತ್ತು ಬೇಕು ಹೇಳು."

"ಬಯಕೆ ಇಸವಾಣದ್ದಲ್ಲ."

ಮಾಮ ಹೆಗಲ ಮೇಲಿನ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡರು. "ಮಾಣಕಿ ಜೋಸನ ರಾಶಿದು ತಂಗೀ. ಹಂಗಾಮು ಶುರುವಾಗ್ವಾಗ್ಲೇ ಮಾತು ಕೊಟ್ಟಾಗಿದೆ, ಇಡೀದು ನಿಂಗೇ ಅಂತ. ಒಂದು ತೆಗದ್ರೂ ತೆಗದಂಗೇ. ಬೋಟಿನ ಖಲಾಶಿ ಹುಡುಗ್ರು ಸಾರಿಗೆ ಬೇರೆ ಮೀನು ತಕಾ ಹೋಗ್ತ್ರು, ಮಾಣಕಿ ಮುಟ್ಟೂದಿಲ್ಲ. ನಾನೇ ಮುಟ್ಟಿದ್ರೆ ಅವ್ರಿಗೆ ಏನ್ ಹೇಳ್ಲಿ?"

ಒಳಗಿನಿಂದ ಅಕ್ಕ ಕೂಗಿದಳು: "ಸ್ಪೇನಿನವ್ರೆಲ್ಲ ಬಸ್ರಿಯರಾ ಮಾಮಾ?"

ಮಾಮ ಚಹಾ ಅರ್ಧಕ್ಕೆ ಬಿಟ್ಟು ಹೋದರು. ಆಮೇಲೆ ಮಾಮ ಬಂದಾಗಲೆಲ್ಲ ಅಕ್ಕ ಗೋಡೆಯ ಕಡೆ ತಿರುಗಿ ಮಲಗತೊಡಗಿದಳು. ಮಾಮನಿಗೆ ಸ್ವಂತ ಮಕ್ಕಳಿಲ್ಲ. ಅಕ್ಕನನ್ನು ಹೆಗಲ ಮೇಲೆ ಕೂರಿಸಿಕೊಂಡು ಸಮುದ್ರ ತೋರಿಸಿದವರು ಅವರು. ಇಸವಾಣ ತಂದರು, ಸಿಗಡಿ ತಂದರು, ಅಡಿಗೆಮನೆಯ ಬಾಗಿಲಲ್ಲಿಟ್ಟು ಗೋಡೆಯ ಕಡೆ ತಿರುಗಿದವಳ ಬೆನ್ನನ್ನು ಒಂದು ಗಳಿಗೆ ನೋಡಿ ಹೋಗುತ್ತಿದ್ದರು. ಅಪ್ಪ ಸರಕಾರಿ ಕಚೇರಿಯ ಗುಮಾಸ್ತರು, ಇಂಥ ತಂಟೆಗಳಲ್ಲಿ ಅಲಿಪ್ತ ರಾಷ್ಟ್ರ. ಪೇಪರು ಅಡ್ಡ ಹಿಡಿದು ಕೂತಿರುತ್ತಿದ್ದರು. ಸ್ಪೇನಿಗೆ ದಿನಕ್ಕೆ ಮೂರು ಅಂಕದಂತೆ ಸೇರುತ್ತ ಹೋಗಿ, ಅದು ಚೀನಾವನ್ನು ಹಿಂದೆ ಹಾಕಿತು. ನಮ್ಮ ಮನೆಯಲ್ಲಿ ಅದರ ಒಂದು ವಸ್ತುವಿಲ್ಲ, ಅಲ್ಲಿಂದ ಒಂದು ಫೋನ್ ಇಲ್ಲ. ಆದರೂ ಅದು ನಮ್ಮ ತಟ್ಟೆಯಿಂದ ಒಂದು ಮೀನನ್ನು ಎತ್ತಿ, ಮಾಮನಿಗೂ ಸೋದರಸೊಸೆಗೂ ಮಾತು ಬಿಡಿಸಿತ್ತು. ಪ್ರಭಾವ ಎಂದರೆ ಇದು ಎಂದು ನಾನು ಕೆಂಪು ಶಾಯಿಯಲ್ಲಿ ಗೆರೆ ಎಳೆದೆ.

ಅಷ್ಟರಲ್ಲಿ ಪಕ್ಕದ ಮನೆಯ ದೀಪಕ ರಜೆಗೆ ಬಂದ. ಅವನು ಸರಕು ಹಡಗಿನಲ್ಲಿ ಕೆಲಸಕ್ಕಿದ್ದವನು, ದೇಶದೇಶ ತಿರುಗುವವನು. ಅಕ್ಕನ ಸುದ್ದಿ ಕೇಳಿ, ಚೀಲದ ತಳದಿಂದ ಈ ಡಬ್ಬಿ ತೆಗೆದು ತಂದ. ಸ್ಪೇನಿನ ಯಾವುದೋ ಬಂದರಿನಲ್ಲಿ ಕೊಂಡದ್ದಂತೆ. ಡಬ್ಬಿಯ ಮೇಲೆ ನಗುವ ಮಾಣಕಿ.

ಮನೆಯಲ್ಲಿ ಹಬ್ಬದ ಕಳೆ ಬಂತು. ಅಜ್ಜಿ ಮಾತ್ರ, "ಅಲ್ಲಿಂದ ಇಲ್ಲೀ ತನಕ ಬಂದಿದೆ ಅಂದ್ರೆ ಈ ಮೀನಿನ ಪ್ರಾಯ ಎಷ್ಟು?" ಎಂದು ಕೇಳಿದಳು. ನಾನು ಸ್ಪೇನಿಗೆ 'ವಸ್ತು' ಎಂಬ ಕಾಲಮ್ಮಿನಲ್ಲಿ ಒಂದು ಅಂಕ ಕೊಟ್ಟೆ. ದೀಪಕ ತನ್ನ ತಾಯಿ ಕರೆದಳೆಂದು ಮನೆಗೆ ಹೋಗಿ ಬರುವುದರೊಳಗೆ ಆಯಿ ಡಬ್ಬಿ ಕೊಯ್ದಳು. ಒಳಗೆ ಗಟಾರದಷ್ಟು ಕಪ್ಪು.

"ಅಯ್ಯೋ ರಾಮಾ, ಮಸೀನೂ ತೆಗೀದೆ ತುಂಬಿದ್ರು!" ಎಂದಳು ಆಯಿ. "ಇಷ್ಟು ದೊಡ್ಡ ದೇಶ, ಮಾಣಕಿ ತೊಳೂಕೆ ಬರೂದಿಲ್ಲ!"

ಮಸಿ ತೆಗೆಯುವುದು ನಮ್ಮಲ್ಲಿ ಮಾಣಕಿಯ ಮೊದಲ ಪಾಠ. ಮಸಿ ಉಳಿಸಿದ ಸೊಸೆಯನ್ನು ಓಣಿಯಿಡೀ ಆಡಿಕೊಳ್ಳುತ್ತದೆ. ಆಯಿ ತುಂಡುಗಳನ್ನು ಜಾಲರಿಗೆ ಸುರಿದು, ನಲ್ಲಿಯಡಿ ಹಿಡಿದು, ಉಪ್ಪು ಹಾಕಿ ತಿಕ್ಕಿ, ಮತ್ತೆ ತೊಳೆದು, ಅಷ್ಟಕ್ಕೂ ಬಿಡದೆ ಹುಣಸೆ ನೀರಿನಲ್ಲಿ ಅದ್ದಿ ತೆಗೆದಳು. ನಲ್ಲಿಯ ಕೆಳಗಿನ ಕಲ್ಲು ಸಂಜೆಯ ತನಕ ಕಪ್ಪಗಿತ್ತು. ಬೆಳ್ಳಗಾದ ತುಂಡುಗಳನ್ನು ಮಸಾಲೆಯಲ್ಲಿ ಹಾಕುವ ಹೊತ್ತಿಗೆ ದೀಪಕ ಬಂದು ಬಾಗಿಲಲ್ಲೇ ನಿಂತ. ಆಯಿಯನ್ನು ಅವನು ಮಾಂಶಿ, ಎಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ.

"ಮಾಂಶಿ... ತೊಳದ್ರಾ?"

"ಮತ್ತೆ? ಹಾಂಗೇ ತಿನ್ಸೂದಾ ಬಸ್ರಿಗೆ?"

"ಆ ಮಸೀಗೇ ಅಲ್ಲಿ ದುಡ್ಡು ಮಾಂಶಿ! ಅದ್ನ ಬ್ರೆಡ್ಡಲ್ಲಿ ಒರಸಿ ಒರಸಿ ತಿಂತ್ರು!"

ಆಯಿ ಸೌಟು ಹಿಡಿದು ಒಂದು ಗಳಿಗೆ ಯೋಚಿಸಿದಳು. "ಹಾಂಗಾದ್ರೆ ಅವ್ರಿಗೆ ಯಾರೂ ಹೇಳ್ಕೊಟ್ಟಿಲ್ಲ ಪಾಪ," ಎಂದು ಒಲೆಯ ಕಡೆ ತಿರುಗಿದಳು.

ಅಕ್ಕ ಒಂದು ತುಂಡು ಬಾಯಿಗಿಟ್ಟಳು. ಎಲ್ಲರೂ ಅವಳ ದವಡೆಯನ್ನೇ ನೋಡಿದೆವು. ದವಡೆ ಆಡಿತು, ಆಡಿತು, ಆಡುತ್ತಲೇ ಇತ್ತು. "ಸೈಕಲ್ ಟ್ಯೂಬ್," ಎಂದು ಉಗುಳಿ, ಹಿತ್ತಲಿಗೆ ಓಡಿದಳು. ಅದುವರೆಗೆ ನಗುತ್ತಿದ್ದ ನಮಗೆ ಹಿತ್ತಲಿನಿಂದ ಬಂದ ಸದ್ದು ಕೇಳಿ ನಗು ನಿಂತಿತು. ಮಧ್ಯಾಹ್ನ ತಿಂದದ್ದೂ ಹೋಯಿತು. ಆಯಿ ಅವಳ ಬೆನ್ನು ಸವರುತ್ತ ನಿಂತಿದ್ದಳು. ನಾನು ಸ್ಪೇನಿನ ಅಂಕ ಹೊಡೆದುಹಾಕಿದೆ.

ಆ ಸಂಜೆ ಮಾಮ ಬಂದಾಗ ಡಬ್ಬಿ ಕಟ್ಟೆಯ ಮೇಲಿತ್ತು. ಎತ್ತಿ ತಿರುಗಿಸಿ ನೋಡಿದರು.

"ಇದೆಂತದು?"

ಅಕ್ಕ ಅಂದು ಗೋಡೆಯ ಕಡೆ ತಿರುಗಿರಲಿಲ್ಲ. ತಿರುಗಲು ತ್ರಾಣವೂ ಇರಲಿಲ್ಲ. "ಸ್ಪೇನಿನವ್ರು ಕಳ್ಸಿದ್ರು ಮಾಮಾ. ನಮ್ಮವ್ರು ಕೊಡೂದಿಲ್ಲ ಅಂತ ಗೊತ್ತಾಯ್ತಂತೆ ಅವ್ರಿಗೆ," ಎಂದಳು. ಕೊಂಕು ಮಾತೇ. ಆದರೆ ದನಿ ಎಷ್ಟು ಸಣ್ಣದಾಗಿತ್ತೆಂದರೆ ಕೊಂಕು ಅರ್ಧ ದಾರಿಯಲ್ಲೇ ಬಿದ್ದುಹೋಯಿತು.

ಮಾಮ ಡಬ್ಬಿ ಇಟ್ಟರು. ಹೊರಡುವಾಗ ನನ್ನನ್ನು ಕರೆದು, "ನಾಳೆ ಬೆಳಿಗ್ಗೆ ಧಕ್ಕೆಗೆ ಬಾ ನನ್ ಸಂಗ್ತಿಗೆ. ಜೋಸನ ಹತ್ರ ಮಾತಾಡೂದದೆ. ನಿಂಗೆ ಇಂಗ್ಲಿಷ್ ಬರ್ತದಲ" ಅಂದರು.

ಜೋಸನಿಗೆ ಕನ್ನಡ ಬರುತ್ತದೆ, ಕೊಂಕಣಿಯೂ ಬರುತ್ತದೆ. ಅವನಿಗೆ ಇಂಗ್ಲಿಷ್ ಬರುತ್ತದೋ ಇಲ್ಲವೋ ನನಗೆ ತಿಳಿಯದು. ಆದರೆ ಮಾಮ ಜೀವನದಲ್ಲಿ ಯಾರ ಹತ್ತಿರವೂ ಮೀನು ಕೇಳಿದವರಲ್ಲ. ಬೋಟಿನ ಯಜಮಾನ ಇನ್ನೊಬ್ಬನ ರಾಶಿಯ ಮುಂದೆ ನಿಂತು ಮೀನು ಕೇಳುವುದೆಂದರೆ, ನಮ್ಮಲ್ಲಿ ಅದಕ್ಕಿಂತ ದೊಡ್ಡ ನಾಚಿಕೆ ಇಲ್ಲ. ಅವರಿಗೆ ಬೇಕಾದದ್ದು ಇಂಗ್ಲಿಷಲ್ಲ, ಪಕ್ಕದಲ್ಲಿ ಒಬ್ಬರು ಇರಬೇಕಿತ್ತು.

ಮರುದಿನ ಬೆಳಿಗ್ಗೆ ಬೋಟು ಕಡಲಿನಿಂದ ಮರಳುವುದಿತ್ತು, ಅದು ಹಂಗಾಮಿನ ಕೊನೆಯ ಫೇರಿ. ಅದರ ಮಾರನೆಯ ದಿನದಿಂದ ಮಳೆಗಾಲಕ್ಕೆಂದು ಮೀನುಗಾರಿಕೆ ಬಂದ್. ಇನ್ನು ಬೋಟು ನೀರಿಗಿಳಿಯುವ ಹೊತ್ತಿಗೆ ಅಕ್ಕನ ಹೆರಿಗೆಯೇ ಮುಗಿದಿರುತ್ತದೆ. ಆಕಾಶ ಕಪ್ಪಾಗಿತ್ತು, ಗಾಳಿ ತೆಂಕಣದಿಂದ ಬೀಸುತ್ತಿತ್ತು. ಬೋಟು ಧಕ್ಕೆಗೆ ತಾಗಿತು. ಹುಡುಗರು ಕ್ರೇಟು ಇಳಿಸಿದರು. ಮಾಣಕಿಯನ್ನು ಬೇರೆ ಮಾಡಿ ಜೋಸನ ತಾಡಪತ್ರಿಯ ಮೇಲೆ ಸುರಿದರು: ಗುಲಾಬಿ ಚುಕ್ಕೆಯ, ಹೊಳೆಯುವ, ಅಂಗೈ ಉದ್ದದವು. ನನಗೇ ಬಾಯಲ್ಲಿ ನೀರು ಬಂತು.

ಮಾಮ ರಾಶಿಯ ಪಕ್ಕ ನಿಂತರು. ಕೆಮ್ಮಿದರು. ಆಕಾಶ ನೋಡಿದರು.

"ಜೋಸ್, ಈ ಸ್ಪೇನಿನವ್ರು ದಿನಾ ತಿಂತ್ರಾ ಇದ್ನ?"

"ದಿನಾ ಅಂದ್ರೆ, ಸಿಕ್ಕಾಗ ತಿಂತಾರೆ ಯಜಮಾನ್ರೇ."

"ಒಂದಿನ ಸಿಗದೇ ಇದ್ರೆ?"

"ಬೇರೆ ಏನಾದ್ರೂ ತಿಂತಾರೆ."

"ಹಾಂ," ಎಂದರು ಮಾಮ. ಮತ್ತೆ ಆಕಾಶ ನೋಡಿದರು. "ಮಳೆ ಬರ್ತದೆ."

"ಬರುತ್ತೆ."

ನನ್ನ ಕಡೆ ನೋಡಿದರು. ನಾನು ಯಾವ ಭಾಷೆಯಲ್ಲಿ ಶುರುಮಾಡಲಿ ಎಂದು ಯೋಚಿಸುವುದರೊಳಗೆ, ಮಾಮ ನೆಲ ನೋಡುತ್ತ, ಒಂದೇ ಉಸಿರಿಗೆ ಹೇಳಿದರು: "ಜೋಸ್, ನನ್ನ ಸೊಸೆ ಬಸ್ರಿ. ಊಟ ಹೋಗೂದಿಲ್ಲ ಅವ್ಳಿಗೆ. ಮಾಣಕಿ ಬೇಕು ಅಂತದೆ. ಮಾತು ಕೊಟ್ಟದ್ದು ಹೌದು. ನಂಗೆ ಎಂಟು ಬೇಕು."

ಜೋಸ್ ತಕ್ಕಡಿ ಬಿಟ್ಟು ಎದ್ದ. ಮಾಮನ ಮುಖವನ್ನೇ ನೋಡಿದ.

"ನೀವು... ನೀವು ಇದನ್ನ ತಿಂತೀರಾ?"

"ತಿಂತೀರಾ ಅಂದ್ರೆ? ಹುಟ್ಟಿದ್ದೇ ತಿಂದು!"

"ಯಜಮಾನ್ರೇ, ಮೂರು ವರ್ಷ ಆಯ್ತು ನಾನು ಈ ಧಕ್ಕೆಲಿ ಕೂತು. ಒಬ್ಬ ಹುಡುಗ ಸಾರಿಗೆ ಅಂತ ಒಂದು ಮಾಣಕಿ ತಗೊಂಡಿಲ್ಲ. ಬಂಗಡೆ ತಗೊಂಡು ಹೋಗ್ತಾರೆ, ಇದನ್ನ ಕೈಯಲ್ಲಿ ಮುಟ್ಟಲ್ಲ. ಈ ಊರಿನವರು ಮಾಣಕಿ ತಿನ್ನಲ್ಲ, ದೇವರದ್ದೇನೋ ಇರ್ಬೇಕು ಅಂತ ತಿಳ್ಕೊಂಡಿದ್ದೆ. ನಾನು ದಿನಾ ರೂಮಲ್ಲಿ ಬೇಯಿಸ್ತೀನಿ, ವಾಸನೆ ನಿಮಗೆ ಆಗಲ್ಲ ಅಂತ ಕಿಟಕಿ ಹಾಕ್ಕೊಂಡು!"

ಬೋಟಿನ ಮೇಲೆ ಹಗ್ಗ ಸುತ್ತುತ್ತಿದ್ದ ಹುಡುಗರು ಕೈ ನಿಲ್ಲಿಸಿದರು. ಅವರಲ್ಲೊಬ್ಬ ಇನ್ನೊಬ್ಬನಿಗೆ, "ಕೇಳ್ದ್ಯಾ? ಕಿಟಕಿ ಹಾಕ್ಕಂಡು ಅಂತೆ!" ಎಂದ. ಮೂರು ವರ್ಷದ ಮಾಣಕಿ ಅವನ ಕಣ್ಣ ಮುಂದೆ ಸಾಲಾಗಿ ಹೋದದ್ದು ನನಗೂ ಕಂಡಿತು. ಮಾಮ ಬಾಯಿ ತೆರೆದು ನಿಂತಿದ್ದರು. ಕೊಟ್ಟ ಮಾತನ್ನು ಉಳಿಸಲು ಅವರು ಮನೆಗೆ ಒಂದನ್ನೂ ಒಯ್ಯದೆ ಇದ್ದರು, ಎದುರಿನವ ಅಷ್ಟನ್ನು ಕೇಳಿಯೇ ಇರಲಿಲ್ಲ. ಸ್ಪೇನಿನವರಂತೂ, ಪಾಪ, ಕಾರವಾರ ಎಂಬ ಊರು ಇದೆಯೆಂದೇ ಕೇಳಿರಲಿಕ್ಕಿಲ್ಲ. ದೇಶಗಳ ಪ್ರಭಾವ ಅಳೆಯುವ ಪಂಡಿತರು ಫೋನ್ ಕರೆ ಎಣಿಸುತ್ತಾರೆ, ಹಡಗು ಎಣಿಸುತ್ತಾರೆ. ಯಾರೂ ಬೇಡದಿದ್ದರೂ ನಾವೇ ಮರ್ಯಾದೆಯಿಂದ ದೂರ ಸರಿದು ನಿಲ್ಲುವುದಿದೆಯಲ್ಲ, ಅದಕ್ಕೆ ಯಾವ ಕಾಲಮ್ಮು?

ಜೋಸ್ ತಾನೇ ಮೊಣಕಾಲೂರಿ ಕೂತು ರಾಶಿ ಕೆದಕಿದ. ಮಾಮ ಹತ್ತಿರದ್ದನ್ನು ಎತ್ತಿದರೆ, "ಅದು ಬೇಡ, ಚರ್ಮ ಗೀರಿದೆ" ಎಂದು ಕಿತ್ತಿಟ್ಟ. ಬೆಳಕಿಗೆ ಹಿಡಿದು, ಹೊಟ್ಟೆ ಒತ್ತಿ, ಒಂದೊಂದಾಗಿ ಎಂಟು ಆರಿಸಿದ. ಮಂಜುಗಡ್ಡೆ ಸೇರಿಸಿ ಕಟ್ಟಿ ಕೊಡುವಾಗ, "ನನ್ನ ಹೆಂಡತಿಗೂ ಇದೇ ಆಗಿತ್ತು. ಅವಳಿಗೆ ಹಲಸಿನಕಾಯಿ, ಡಿಸೆಂಬರಲ್ಲಿ," ಎಂದ. ಮಾಮ ಅವನ ಭುಜ ತಟ್ಟಿದರು.

ಜುಲೈಯಲ್ಲಿ ಅಕ್ಕನಿಗೆ ಮಗಳು ಹುಟ್ಟಿದಳು. ಎರಡೂ ಕಿವಿ ಚೆನ್ನಾಗಿವೆ, ಬೇಕಾದದ್ದು ಮಾತ್ರ ಕೇಳಿಸುತ್ತದೆ. ಆದರೆ ಆ ಮಧ್ಯಾಹ್ನ ನಮಗೆ ಇದೆಲ್ಲ ತಿಳಿದಿರಲಿಲ್ಲ. ಹೊರಗೆ ಮಳೆ ಹನಿಯುತ್ತಿತ್ತು. ಆಯಿ ಕೈಗಳನ್ನು ಹೆಚ್ಚಿ, ಹುರಿದು, ತುಂಬಿ, ಬಿಳಿ ನೂಲಿನಿಂದ ಎಂಟೂ ಬಾಯಿ ಕಟ್ಟಿದಳು. ಮುರುಗಲ ಹುಳಿಯಲ್ಲಿ ಅವು ಉಬ್ಬಿಕೊಂಡು ಬೇಯುವ ವಾಸನೆಗೆ ಅಪ್ಪ ಪೇಪರು ಮಡಚಿಟ್ಟು, ಅಲಿಪ್ತ ನೀತಿ ಬಿಟ್ಟು, ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು.

ಅಕ್ಕನನ್ನು ಮಣೆಯ ಮೇಲೆ ಕೂರಿಸಿ ಮೊದಲು ಅವಳಿಗೆ ಬಡಿಸಿದೆವು. ಎರಡು ತಿಂದರೆ ಸಾಕಿತ್ತು ನಮಗೆ. ಅವಳು ನೂಲು ಬಿಚ್ಚಿದಳು, ತುಂಡು ಮುರಿದಳು, ಬಾಯಿಗಿಟ್ಟಳು. ಈ ಸಲ ದವಡೆ ಸಲೀಸಾಗಿ ಆಡಿತು. ಎರಡಾಯಿತು. ಮೂರಾಯಿತು. ಆಯಿ ಬಡಿಸುತ್ತ ಹೋದಳು, ಅಕ್ಕ ಅನ್ನದ ಜೊತೆ ತಿನ್ನುತ್ತ ಹೋದಳು, ಹಣೆಯ ಮೇಲೆ ಬೆವರು, ಕಣ್ಣಲ್ಲಿ ಖಾರದ ನೀರು, ತಲೆ ಎತ್ತಲಿಲ್ಲ. ಪ್ರತಿ ಸಲ ಬಿಚ್ಚಿದ ನೂಲನ್ನು ತಟ್ಟೆಯ ಅಂಚಿಗೆ ಇಡುತ್ತಿದ್ದಳು. ಕೊನೆಗೆ ನಾನು ಎಣಿಸಿದೆ, ಎಣಿಸದೆ ಇರುವುದು ನನ್ನಿಂದಾಗುತ್ತದೆಯೇ? ಎಂಟು ನೂಲು.

"ನಾಳೆ?" ಎಂದು ಕೇಳಿದಳು ಅಕ್ಕ, ಬೆರಳು ನೆಕ್ಕುತ್ತ.

"ನಾಳೆಯಿಂದ ಬಂದ್ ಗೇ," ಎಂದರು ಮಾಮ.

"ಹಾಂಗಾದ್ರೆ ಹದಿನಾರು ಕೇಳೂಕೆ ಏನಾಗಿತ್ತು ಮಾಮಾ ನಿಂಗೆ?"

ಮಾಮ ನಕ್ಕರು. ಎಷ್ಟೋ ದಿನಗಳ ಮೇಲೆ ಅವಳು ಅವರ ಮುಖ ನೋಡಿ ಮಾತಾಡಿದ್ದಳು. ನಗುತ್ತಲೇ ಎದ್ದು, ತಾವೇ ಒಂದು ತಟ್ಟೆ ತಂದು ಅವಳ ಪಕ್ಕ ಕೂತರು. ಪಾತ್ರೆಯಲ್ಲಿ ಉಳಿದದ್ದು ತಳದ ರಸ. ಆಯಿ ಸೌಟಿನಿಂದ ಕೆರೆದು ಅವರ ಅನ್ನದ ಮೇಲೆ ಹಾಕಿದಳು. ಮಾಮ ಕಲೆಸಿ ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. ನುಂಗಿ, ಬೆರಳಿನಿಂದ ತಟ್ಟೆ ಬಳಿದು, ಸೊಸೆಯ ಕಡೆ ತಿರುಗಿ ಹೇಳಿದರು:

"ಸ್ಪೇನಿನವ್ರಿಗೆ ಇದು ಸಿಗೂದಿಲ್ಲ ಗೇ. ಪಾಪ."